ಕೇಬಲ್ ಕಿತ್ತ ಕೂಡಲೇ ಕರ್ನೆಲ್ ಬೀಳುತ್ತಿದ್ದರೆ

ತಮ್ಮಾ, ಒಣಮೆಣಸಿನಕಾಯಿಯ ತೇವ ಅಳೆಯುವ ಯುಎಸ್‌ಬಿ ಮೀಟರಿಗೆ ನೀನೇ ಲಿನಕ್ಸ್ ಡ್ರೈವರ್ ಬರೆದಿದ್ದು ನೋಡಿ ಬಹಳ ಖುಷಿ ಆಯ್ತು. ಬ್ಯಾಡಗಿಯ ಅಂಗಡಿಯಲ್ಲಿ ರೀಡಿಂಗ್ ನಡೆದಾಗ ಯಾರಾದರೂ ಕೇಬಲ್ ಕಿತ್ತರೆ ಲಿನಕ್ಸಿನ ತಿರುಳಾದ ಕರ್ನೆಲ್ ಬಿದ್ದು ಇಡೀ ಸಿಸ್ಟಮ್ ನಿಂತುಬಿಡುತ್ತದೆ ಅಂದಿದ್ದೀಯ. ಕೋಡ್ ಪೂರ್ತಿ ಓದಿದೆ. ಮೀಟರ್ ಸರಿ ಇದೆ, ತಪ್ಪು ಡ್ರೈವರಿನಲ್ಲಿದೆ.

ಮೀಟರ್ ಚುಚ್ಚಿದಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ ನಿನ್ನ ಸ್ಟ್ರಕ್ಟಿಗೆ (ಡ್ರೈವರಿನ ಮಾಹಿತಿ ಇಡುವ ಜಾಗಕ್ಕೆ) ಮೆಮೊರಿಯನ್ನು ಡೆವ್ಎಂ_ಕೆಝಡ್ಅಲಾಕ್‌ನಿಂದ ತಗೊಂಡಿದ್ದೀಯ. ಕೇಬಲ್ ಕಿತ್ತಾಗ ಓಡುವ ಡಿಸ್‌ಕನೆಕ್ಟ್ ಫಂಕ್ಷನ್ ಮುಗಿಯುತ್ತಿದ್ದಂತೆ ಕರ್ನೆಲ್ ಅದನ್ನು ವಾಪಸ್ ತಗೊಳ್ಳುತ್ತದೆ. ನಿನ್ನ ಪ್ರೋಗ್ರಾಂ ಮಾತ್ರ ಫೈಲ್ ತೆರೆದುಕೊಂಡೇ ಇರುತ್ತದೆ, ಆ ಫೈಲಿನ ಪ್ರೈವೇಟ್_ಡೇಟಾದಲ್ಲಿ ಸ್ಟ್ರಕ್ಟಿನ ಹಳೇ ವಿಳಾಸವೇ ಇರುತ್ತದೆ. ಮುಂದಿನ ರೀಡ್ ಆ ಬಿಟ್ಟುಕೊಟ್ಟ ಜಾಗಕ್ಕೇ ಕೈ ಹಾಕುತ್ತದೆ. ನಾನೂ ಹುಬ್ಬಳ್ಳಿಯಲ್ಲಿ ಇದೇ ತಪ್ಪು ಮಾಡಿ ಎರಡು ರಾತ್ರಿ ಕಳೆದಿದ್ದೇನೆ.

ಸುಮ್ನೆ ಕೆಝಡ್ಅಲಾಕ್ ಬಳಸು, ಅದರ ಮೆಮೊರಿ ತಾನಾಗಿ ವಾಪಸ್ ಹೋಗುವುದಿಲ್ಲ. ಜೊತೆಗೆ ಕೆರೆಫ್ ಇಡು, ಅಂದರೆ ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆ; ಸೊನ್ನೆಯಾದಾಗಲೇ ಮೆಮೊರಿ ಬಿಡಬೇಕು. ನಿಮ್ಮೂರಿನ ಕೋಲ್ಡ್ ಸ್ಟೋರೇಜ್ ಚೀಟಿ ಇದ್ದ ಹಾಗೆ ಅದು: ಹೊರಗೆ ಒಂದು ಚೀಟಿ ಇದ್ದರೂ ಮಾಲು ಒಳಗೇ ಇರಬೇಕು. ಫೈಲ್ ತೆರೆಯುವ ಓಪನ್‌ನಲ್ಲಿ ಎಣಿಕೆ ಏರಿಸು, ಮುಚ್ಚುವ ರಿಲೀಸ್‌ನಲ್ಲಿ ಇಳಿಸು. ಡಿಸ್‌ಕನೆಕ್ಟ್‌ನಲ್ಲಿ ಮೊದಲು ಯುಎಸ್‌ಬಿ_ಡಿರಿಜಿಸ್ಟರ್_ಡೆವ್ ಕರೆ, ಹೊಸ ಓಪನ್ ನಿಲ್ಲುತ್ತದೆ. ಆಮೇಲೆ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ) ಹಿಡಿದು "ಡಿಸ್‌ಕನೆಕ್ಟೆಡ್" ಗುರುತು ಹಾಕು, ಕಾಯುತ್ತಿರುವ ಯುಆರ್‌ಬಿಗಳನ್ನು (ಮೀಟರಿಗೆ ಕಳಿಸಿದ ಯುಎಸ್‌ಬಿ ಕೋರಿಕೆಗಳನ್ನು) ಕೊಲ್ಲು, ಕೊನೆಗೆ ಪ್ರೋಬ್‌ನಲ್ಲಿ ಶುರು ಮಾಡಿದ ಎಣಿಕೆ ಇಳಿಸು. ರೀಡ್ ಅದೇ ಮ್ಯೂಟೆಕ್ಸ್ ಒಳಗೆ ಗುರುತು ನೋಡಲಿ. ಗುರುತು ಇದ್ದರೆ ಮೈನಸ್ ಇಎನ್ಓಡೆವ್ (ಡಿವೈಸ್ ಇಲ್ಲ ಎಂಬ ತಪ್ಪಿನ ಸಂಕೇತ) ಕೊಟ್ಟು ಹೊರಬರಲಿ. ಎಣಿಕೆ ಮೆಮೊರಿಯನ್ನಷ್ಟೇ ಉಳಿಸುತ್ತದೆ, ಮೀಟರ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಅದಕ್ಕೇ ಎರಡೂ ಬೇಕು. ಕರ್ನೆಲ್ ಜೊತೆಗೇ ಬರುವ ಯುಎಸ್‌ಬಿ-ಸ್ಕೆಲಿಟನ್ ಎಂಬ ಮಾದರಿ ಡ್ರೈವರ್ ಫೈಲಿನಲ್ಲಿ ಈ ಜೋಡಣೆ ಇದೆ, ಪಕ್ಕದಲ್ಲಿಟ್ಟುಕೊಂಡು ಬರೆ.

ಇನ್ನೊಂದು. ಕರ್ನೆಲ್‌ನ ಡಿವೈಸ್ ಸ್ಟ್ರಕ್ಟಿನಲ್ಲಿ ನಿನ್ನ ಸ್ಟ್ರಕ್ಟಿನ ವಿಳಾಸ ಇಡುವ ಡ್ರೈವರ್_ಡೇಟಾವನ್ನು ನೇರವಾಗಿ ಮುಟ್ಟಿದ್ದೀಯ. ಬೇಡ, ಯುಎಸ್‌ಬಿ_ಗೆಟ್_ಇಂಟ್‌ಎಫ್‌ಡೇಟಾ ಮೂಲಕವೇ ಹೋಗು. 2009ರಲ್ಲಿ ಆ ಫೀಲ್ಡನ್ನು ಒಳಗಿನ ಬೇರೆ ಸ್ಟ್ರಕ್ಟಿಗೆ ಸರಿಸಿದರು, 2014ರಲ್ಲಿ ಮತ್ತೆ ಹಳೇ ಜಾಗಕ್ಕೆ ತಂದರು. ಫಂಕ್ಷನ್ ಮೂಲಕ ಕೇಳುವ ಡ್ರೈವರುಗಳಲ್ಲಿ ಎರಡು ಸಲವೂ ಒಂದು ಸಾಲೂ ಬದಲಾಗಬೇಕಿರಲಿಲ್ಲ.

ತಿದ್ದುವ ಮೊದಲು ಕೇಸ್ಯಾನ್ (KASAN, ಮೆಮೊರಿ ತಪ್ಪು ಹಿಡಿಯುವ ಕರ್ನೆಲ್ ಸಾಧನ) ಆನ್ ಮಾಡಿದ ಕರ್ನೆಲ್ ಕಟ್ಟಿಕೋ. ಅದನ್ನು ಕ್ಯೂಎಮು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಒಳಗೆ ಓಡಿಸಿ ಮೀಟರನ್ನು ಅದಕ್ಕೇ ಒಪ್ಪಿಸು, ಅಂಗಡಿಯ ಕಂಪ್ಯೂಟರ್ ಬಚಾವ್. ಲೂಪಿನಲ್ಲಿ ಓದುತ್ತಾ ಕೇಬಲ್ ಕೀಳು. ಆ ಜಾಗ ಯಾರು ತಗೊಂಡರು, ಯಾರು ಬಿಟ್ಟರು, ಆಮೇಲೆ ಯಾರು ಮುಟ್ಟಿದರು, ಮೂರೂ ಕರ್ನೆಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ (dmesg) ಬರುತ್ತವೆ. ಫೋಟೋ ಬೇಡ, ಅದನ್ನು ಟೆಕ್ಸ್ಟ್ ಆಗಿಯೇ ಇಲ್ಲಿ ಹಾಕು. ರಾತ್ರಿ ಊಟ ಆದ ಮೇಲೆ ಕೂತು ನೋಡುತ್ತೇನೆ.