ಸೆರಾಮಿಕ್ ಇದ್ದಿಲು ಗ್ರಿಲ್‌ಗೆ ಬೇಕಾದುದೆಷ್ಟು, ಬೇಡವಾದುದೆಷ್ಟು?

ಪ್ರಶ್ನೆ: ದುಬೈಯಲ್ಲಿದ್ದ ನನ್ನ ಭಾವ ಊರಿಗೆ ಮರಳುವಾಗ ಮನೆಸಾಮಾನಿನೊಂದಿಗೆ ಮೊಟ್ಟೆಯಾಕಾರದ 18 ಇಂಚಿನ ಸೆರಾಮಿಕ್ ಇದ್ದಿಲು ಗ್ರಿಲ್ ತಂದಿದ್ದರು. ತಮ್ಮ ಫ್ಲ್ಯಾಟ್‌ನಲ್ಲಿ ಜಾಗವಿಲ್ಲವೆಂದು ಅದನ್ನು ನಮಗೇ ಕೊಟ್ಟಿದ್ದಾರೆ. ಅದರ ಪರಿಕರಗಳನ್ನು ಆನ್‌ಲೈನ್‌ನಲ್ಲಿ ಹುಡುಕಿದರೆ ಪಿಜ್ಜಾ ಕಲ್ಲು, ತಿರುಗುವ ಸರಳು, ಫ್ಯಾನ್ ಎಂದು ಇಪ್ಪತ್ತು ಬಗೆ ಕಾಣಿಸುತ್ತವೆ. ಎಲ್ಲವನ್ನೂ ಕೊಂಡರೆ ಒಂದು ಹೊಸ ಫ್ರಿಜ್ಜಿನ ಬೆಲೆಯಾಗುತ್ತದೆ. ನಾವು ಮಾಡುವುದು ಹೆಚ್ಚಾಗಿ ಮೀನು ಮತ್ತು ಕೋಳಿ. ನಿಜವಾಗಿ ಬೇಕಾದವು ಯಾವುವು?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಇಪ್ಪತ್ತರಲ್ಲಿ ಐದಾರು ಸಾಕು, ಆ ಐದಾರರಲ್ಲಿಯೂ ಕೆಲವು ನಿಮ್ಮ ಮನೆಯಲ್ಲಿಯೇ ಇರಬಹುದು. ಯಾವುದು ಬೇಕು ಎಂಬುದನ್ನು ತೀರ್ಮಾನಿಸಲು ಈ ಒಲೆ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿದಿರಬೇಕು. ಇದರ ಮೂಲ ಜಪಾನಿನ ‘ಕಮಾಡೊ’ ಎಂಬ ಮಣ್ಣಿನ ಒಲೆ. 1974ರಲ್ಲಿ ಎಡ್ ಫಿಶರ್ ಎಂಬವರು ಅಟ್ಲಾಂಟಾದಲ್ಲಿ ಬಿಗ್ ಗ್ರೀನ್ ಎಗ್ ಕಂಪೆನಿಯನ್ನು ಆರಂಭಿಸಿದ ಮೇಲೆ ಅದು ಅಮೆರಿಕದ ಹಿತ್ತಿಲುಗಳಲ್ಲಿ ಹೆಸರು ಮಾಡಿತು. ದಪ್ಪ ಸೆರಾಮಿಕ್ ಗೋಡೆ ಶಾಖವನ್ನು ಹೊರಗೆ ಬಿಡುವುದಿಲ್ಲ. ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇದ್ದು, ಅವುಗಳನ್ನು ಎಷ್ಟು ತೆರೆದಿದ್ದೀರಿ ಎಂಬುದರ ಮೇಲೆ ಬೆಂಕಿಯ ಬಲ ನಿಂತಿದೆ. ಒಮ್ಮೆ ಗೋಡೆ ಕಾದರೆ ತಣಿಯಲು ಗಂಟೆಗಟ್ಟಲೆ ಬೇಕಾಗುವುದರಿಂದ, ಬೇಕಾದ ಉಷ್ಣತೆಗೆ ಇನ್ನೂ ಇಪ್ಪತ್ತು ಮೂವತ್ತು ಡಿಗ್ರಿ ಇರುವಾಗಲೇ ಕಿಂಡಿಗಳನ್ನು ಕಿರಿದಾಗಿಸಬೇಕು. ಹಾಗಾಗಿ ಗಾಳಿ, ಶಾಖ ಮತ್ತು ಬೂದಿ ಈ ಮೂರನ್ನು ಹತೋಟಿಯಲ್ಲಿಡುವ ವಸ್ತುಗಳಿಗೆ ಮೊದಲ ಹಣ ಹಾಕಿ, ಉಳಿದವು ಶೋಕಿ.

ಮೊದಲನೆಯದು ಬೆಂಕಿ ಮತ್ತು ಆಹಾರದ ನಡುವೆ ಇಡುವ ಕಲ್ಲು, ಅಂಗಡಿಯವರ ಮಾತಿನಲ್ಲಿ ಡಿಫ್ಲೆಕ್ಟರ್. ಅದಿಲ್ಲದಿದ್ದರೆ ನಿಮ್ಮ ಬಳಿ ಇರುವುದು ದುಬಾರಿ ಬೆಲೆಯ ಇದ್ದಿಲೊಲೆ ಮಾತ್ರ. ಅದನ್ನಿಟ್ಟರೆ ಅದೇ ಪಾತ್ರೆ ಓವನ್ ಆಗುತ್ತದೆ: ಇಡೀ ಕೋಳಿಯನ್ನು 180 ಡಿಗ್ರಿಯಲ್ಲಿ ಕೆಳಗೆ ಕರಕಲಾಗದಂತೆ ಬೇಯಿಸಬಹುದು, ದೊಡ್ಡ ಮಾಂಸದ ತುಂಡನ್ನು 110 ಡಿಗ್ರಿಯಲ್ಲಿ ಇಡೀ ಹಗಲು ಇಡಬಹುದು. ಕಲ್ಲಿನ ಮೇಲೆ ಜಿಡ್ಡು ಹಿಡಿಯಲು ಹಳೆಯ ಅಗಲವಾದ ಸ್ಟೀಲ್ ತಟ್ಟೆಯೊಂದನ್ನು ಇಡಿ, ಆದರೆ ಅದು ಕಲ್ಲಿಗೆ ತಾಗಿ ಕೂರಬಾರದು. ಮೂರು ದಪ್ಪ ಕಬ್ಬಿಣದ ನಟ್‌ಗಳ ಮೇಲೆ ಕೂರಿಸಿದರೆ ನಡುವೆ ಗಾಳಿಯಾಡಿ, ಇಳಿದ ಕೊಬ್ಬು ಸೀದು ಕಹಿ ಹೊಗೆ ಏಳುವುದಿಲ್ಲ.

ಎರಡನೆಯದು ಆಹಾರಕ್ಕೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್. ಮುಚ್ಚಳದ ಮೇಲಿನ ಮುಳ್ಳು ತೋರಿಸುವುದು ಗುಮ್ಮಟದೊಳಗಿನ ಗಾಳಿಯ ಬಿಸಿಯನ್ನೇ ಹೊರತು ಕೋಳಿಯ ತೊಡೆಯೊಳಗಿನದನ್ನಲ್ಲ. ಕೋಳಿಯ ತೊಡೆಯ ದಪ್ಪ ಭಾಗ ಎಲುಬಿಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ, ಮೀನಿನಲ್ಲಿ 63 ಡಿಗ್ರಿ ಕಂಡರೆ ಬೆಂದಿದೆ ಎಂದರ್ಥ. ಮುಚ್ಚಳದ ಥರ್ಮಾಮೀಟರನ್ನು ಕೂಡ ಒಮ್ಮೆ ಕಳಚಿ, ಅದರ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿ. ಬೆಂಗಳೂರಿನವರಿಗೆ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕರಾವಳಿಯ ನಮಗೆ ಲೆಕ್ಕ ಸುಲಭ, ಸರಿಯಾಗಿ 100 ತೋರಿಸಬೇಕು. ತಪ್ಪಿದ್ದರೆ ಹೆಚ್ಚಿನವುಗಳ ಹಿಂಬದಿಯಲ್ಲಿ ತಿರುಗಿಸಿ ಸರಿಪಡಿಸುವ ನಟ್ ಇರುತ್ತದೆ.

ಕೈಗವಸು ಬೇಕೇ ಬೇಕು, ಏಕೆಂದರೆ ಕಾದ ಕಲ್ಲನ್ನು ಎತ್ತುವ ಸಂದರ್ಭ ಬಂದೇ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವೆಲ್ಡಿಂಗ್ ಮಾಡುವವರ ಉದ್ದನೆಯ ಚರ್ಮದ ಕೈಗವಸು ಸಾಕು. ಒದ್ದೆಯಾದ ಗವಸಿನಲ್ಲಿ ಮಾತ್ರ ಬಿಸಿ ಮುಟ್ಟಬೇಡಿ, ಅದರೊಳಗಿನ ನೀರು ಹಬೆಯಾಗಿ ಕೈ ಸುಡುತ್ತದೆ. ಬೂದಿ ಕೆರೆಯಲು ತುದಿ ಬಾಗಿದ ಕಬ್ಬಿಣದ ಸರಳೊಂದನ್ನು ಹತ್ತಿರದ ಕಮ್ಮಾರರು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟಾರು. ಇದು ಅಲ್ಪವೆನಿಸಿದರೂ, ‘ಬೆಂಕಿ ಏರುವುದೇ ಇಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಕೆಳಗಿನ ಕಿಂಡಿಯನ್ನು ಮುಚ್ಚಿದ ಹಳೆಯ ಬೂದಿ.

ಇದ್ದಿಲು ಹೊತ್ತಿಸಲು ಚಿಮಿಣಿ ಎಣ್ಣೆಯನ್ನಾಗಲಿ, ಅಂಗಡಿಯ ಹೊತ್ತಿಸುವ ದ್ರವವನ್ನಾಗಲಿ ಎಂದಿಗೂ ಸುರಿಯಬೇಡಿ. ಸೆರಾಮಿಕ್ ಅದನ್ನು ಹೀರಿಕೊಂಡು, ಮುಂದೆ ಹಲವು ಅಡುಗೆಗಳಿಗೆ ಆ ವಾಸನೆಯನ್ನು ಹಂಚುತ್ತದೆ. ತೆಂಗಿನೆಣ್ಣೆಯಲ್ಲಿ ಅದ್ದಿದ ಹತ್ತಿಯ ಎರಡು ಉಂಡೆಗಳನ್ನು ಇದ್ದಿಲಿನ ನಡುವೆ ಹುದುಗಿಸಿ ಬೆಂಕಿ ತಾಗಿಸಿದರೆ ಹದಿನೈದು ನಿಮಿಷದಲ್ಲಿ ಕೆಂಡ ಸಿದ್ಧ. ದೊಡ್ಡ ತುಂಡುಗಳ ಕಟ್ಟಿಗೆ ಇದ್ದಿಲೇ ಉತ್ತಮ. ನಮ್ಮಲ್ಲಿ ಸುಲಭವಾಗಿ ಸಿಗುವ ತೆಂಗಿನ ಗೆರಟೆಯ ಇದ್ದಿಲು ಚೆನ್ನಾಗಿ ಕಾಯುತ್ತದೆ, ಆದರೆ ಅದರ ಚೂರುಗಳು ಚಿಕ್ಕವಾದುದರಿಂದ ತಳದಲ್ಲಿ ಹಾಕಿದರೆ ಗಾಳಿಯ ದಾರಿ ಮುಚ್ಚುತ್ತದೆ. ಕೆಳಗೆ ಕಟ್ಟಿಗೆಯ ಇದ್ದಿಲು, ಮೇಲೆ ಗೆರಟೆಯದು ಎಂಬ ಕ್ರಮವಿರಲಿ. ಹೊಗೆಯ ಪರಿಮಳಕ್ಕೆ ಒಣಗಿದ ಪೇರಳೆ ಕಟ್ಟಿಗೆಯ ಎರಡು ತುಂಡು ಸಾಕು. ಗೇರುಬೀಜದ ಸಿಪ್ಪೆಯನ್ನು ಮಾತ್ರ ಹತ್ತಿರವೂ ತರಬೇಡಿ, ಅದರ ಎಣ್ಣೆ ಚರ್ಮ ಸುಡುವಂಥದ್ದು, ಅದರ ಹೊಗೆಯೂ ಅಡುಗೆಗೆ ಸಲ್ಲದು.

ಮೀನಿನವರಾದ ನಿಮಗೆ ಎರಡು ಬದಿಯಿಂದ ಮುಚ್ಚುವ ತಂತಿಯ ಜಾಲರಿಯೊಂದು ಒಳ್ಳೆಯ ಖರೀದಿ. ಮಸಾಲೆ ಹಚ್ಚಿದ ಬಂಗುಡೆಯನ್ನು ನೇರವಾಗಿ ಸರಳಿನ ಮೇಲೆ ಇಟ್ಟರೆ ಮಗುಚುವಾಗ ಚರ್ಮವೆಲ್ಲ ಸರಳಿಗೇ ಅಂಟಿ ಉಳಿಯುತ್ತದೆ. ಜಾಲರಿ ಸಿಗುವವರೆಗೆ ಬಾಡಿಸಿದ ಬಾಳೆಲೆ ಇದ್ದೇ ಇದೆ.

ಸರಳಿನ ತಟ್ಟೆಯನ್ನು ಎರಕದ ಕಬ್ಬಿಣದ್ದಕ್ಕೆ ಬದಲಾಯಿಸಲು ಹಲವರು ಸಲಹೆ ಕೊಡುತ್ತಾರೆ. ಸಮುದ್ರದ ಉಪ್ಪುಗಾಳಿಯಲ್ಲಿ ನಾನು ಆ ಸಲಹೆ ಕೊಡಲಾರೆ, ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಅದನ್ನು ಉಜ್ಜಲು ತಂತಿಯ ಬ್ರಷ್ ಬೇಡ, ಕಳಚಿದ ಎಳೆ ಊಟಕ್ಕೆ ಸೇರಿ ಗಂಟಲಿಗೆ ಚುಚ್ಚುವ ಅಪಾಯವಿದೆ. ಬಿಸಿ ಇಳಿದ ಮೇಲೆ ತೆಂಗಿನ ನಾರಿನ ಮುದ್ದೆ ಆ ಕೆಲಸ ಮಾಡುತ್ತದೆ. ತಿರುಗುವ ಸರಳು ಮತ್ತು ಫ್ಯಾನ್‌ಗಳ ಗೊಡವೆ ಮೊದಲ ವರ್ಷ ಬೇಡವೇ ಬೇಡ.

ಪರಿಕರವಲ್ಲದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಕಿಂಡಿ ಕಿರಿದಾಗಿ ಗಾಳಿಗೆ ಹಸಿದಿರುವ ಕೆಂಡಕ್ಕೆ ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಜ್ವಾಲೆ ಮುಖದತ್ತ ನುಗ್ಗುತ್ತದೆ. ಎರಡು ಬೆರಳಿನಷ್ಟು ಎತ್ತಿ, ಕೆಲವು ಕ್ಷಣ ತಡೆದು, ಆಮೇಲೆ ಪೂರ್ತಿ ತೆರೆಯಬೇಕು. ಇದನ್ನು ಓದಿ ತಿಳಿದಿದ್ದರೂ ಅವಸರಪಟ್ಟ ಒಂದು ಸಂಜೆ ನನ್ನ ಬಲಗೈಯ ರೋಮಗಳೂ ಒಂದು ಹುಬ್ಬಿನ ಅರ್ಧವೂ ಹೋದವು, ಮನೆಯವರು ಇಂದಿಗೂ ಅದನ್ನು ಮರೆತಿಲ್ಲ.

ಪ್ರಶ್ನೆ: ಡಿಫ್ಲೆಕ್ಟರ್ ಕಲ್ಲಿನ ಬದಲು ಮನೆಯಲ್ಲಿ ಉಳಿದಿರುವ ಮಂಗಳೂರು ಹೆಂಚನ್ನೋ ನೆಲದ ಟೈಲ್ಸನ್ನೋ ಇಡಬಹುದೇ?
– ಓದುಗರೊಬ್ಬರು, ಜೆಪ್ಪು, ಮಂಗಳೂರು

ಉತ್ತರ: 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಊರಿನಿಂದ ಈ ಪ್ರಶ್ನೆ ಬಂದುದು ಸಹಜವೇ. ಆದರೆ ಹೆಂಚು ಸುಟ್ಟ ಮಣ್ಣಿನದೇ ಆಗಿದ್ದರೂ ಅದನ್ನು ಮಾಡಿರುವುದು ಬಿಸಿಲು ಮಳೆಗಾಗಿ. ಕೆಂಡದ ಮೇಲೆ ಒಂದು ಬದಿ ಕಾದು ಇನ್ನೊಂದು ಬದಿ ತಣ್ಣಗಿರುವಾಗ ಅದು ಟಪ್ಪೆಂದು ಸೀಳುತ್ತದೆ, ಮಾಡಿನ ಮೇಲೆ ವರ್ಷಗಟ್ಟಲೆ ನೀರು ಕುಡಿದ ಹಳೆಯ ಹೆಂಚಾದರೆ ಕೇಳುವುದೇ ಬೇಡ. ಹೊಳಪಿನ ಲೇಪವಿರುವ ಟೈಲ್ಸ್‌ನಲ್ಲಿ ಸೀಸದಂಥ ಲೋಹಗಳಿರಬಹುದಾದ್ದರಿಂದ ಅದು ಆಹಾರದ ಬಳಿ ಸಲ್ಲದು. ತಾತ್ಕಾಲಿಕವಾಗಿ ಬೇಕಿದ್ದರೆ ಲೇಪವಿಲ್ಲದ, ದಪ್ಪನೆಯ, ಚೆನ್ನಾಗಿ ಒಣಗಿದ ಹೂಕುಂಡದ ಅಡಿತಟ್ಟೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಡಬಹುದು. ಅದೂ ಒಂದು ದಿನ ಒಡೆಯುತ್ತದೆ, ಆದರೆ ಚೂರುಗಳು ಹಾಳೆಯೊಳಗೇ ಉಳಿಯುತ್ತವೆ. ಬಾಳಿಕೆಗೆ ಕುಂಬಾರಿಕೆಯ ಭಟ್ಟಿಗಳಲ್ಲಿ ಬಳಸುವ ಕಾರ್ಡಿಯರೈಟ್ ಹಲಗೆಯನ್ನು ಅಳತೆಗೆ ತರಿಸಿಕೊಳ್ಳಿ. ಗ್ರಿಲ್‌ನ ಗೋಡೆಯಿಂದ ಸುತ್ತಲೂ ಎರಡು ಬೆರಳಿನಷ್ಟು ಜಾಗ ಬಿಡುವುದನ್ನು ಮರೆಯಬೇಡಿ, ಬಿಸಿಗಾಳಿ ಮೇಲೇರುವ ದಾರಿ ಅದೇ.

ಪ್ರಶ್ನೆ: ನಮ್ಮ ಗ್ರಿಲ್ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು. ತೆರೆದು ನೋಡಿದರೆ ಒಳಗೆಲ್ಲ ಬಿಳಿ ಬೂಸ್ಟು. ಹೊದಿಕೆ ಹಾಕಿಯೂ ಹೀಗೇಕಾಯಿತು?
– ಓದುಗರೊಬ್ಬರು, ಕಾಪು

ಉತ್ತರ: ಹೊದಿಕೆ ಹಾಕಿದ್ದರಿಂದಲೇ ಹೀಗಾಯಿತು. ಆಟಿಯ ತೇವ ಒಳಗೆ ಸೇರಿದ ಮೇಲೆ ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡುವುದಿಲ್ಲ, ಉಳಿದ ಜಿಡ್ಡಿನ ಮೇಲೆ ಬೂಸ್ಟು ಬೆಳೆಯುತ್ತದೆ. ಕರಾವಳಿಯಲ್ಲಿ ಹೊದಿಕೆಗಿಂತ ದೊಡ್ಡ ಪರಿಕರವೆಂದರೆ ಮಾಡು: ಸುತ್ತ ತೆರೆದಿರುವ, ಎತ್ತರದ ತಗಡಿನ ಚಪ್ಪರದಡಿ ಗ್ರಿಲ್ ಇರಿಸಿ, ಮೇಲಿನ ಕಿಂಡಿಯನ್ನು ಸ್ವಲ್ಪ ತೆರೆದೇ ಬಿಡಿ, ಉಳಿದ ಇದ್ದಿಲನ್ನು ತೆಗೆದು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಾಕಿಡಿ. ಮಳೆಯೆಂದು ಅದನ್ನು ಮುಚ್ಚಿದ ಜಗಲಿಯೊಳಗೆ ತಂದು ಉರಿಸಬೇಡಿ. ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ತಲೆ ತಿರುಗುವವರೆಗೂ ಗೊತ್ತಾಗುವುದಿಲ್ಲ.

ಈಗಿರುವ ಬೂಸ್ಟಿಗೆ ಸಾಬೂನಾಗಲಿ ನೀರಾಗಲಿ ಬೇಡ. ಹಳೆಯ ಇದ್ದಿಲು, ಬೂದಿ ಎಲ್ಲವನ್ನೂ ತೆಗೆದು ಎಸೆದು, ಹೊಸ ಇದ್ದಿಲನ್ನು ಸ್ವಲ್ಪವೇ ಹಾಕಿ ಮೊದಲ ಒಂದು ಗಂಟೆ 100 ಡಿಗ್ರಿಯ ಸುತ್ತಮುತ್ತ ಮಾತ್ರ ಕಾಯಿಸಿ, ಏಕೆಂದರೆ ನೀರು ಕುಡಿದ ಸೆರಾಮಿಕ್‌ಗೆ ಒಮ್ಮೆಲೇ ದೊಡ್ಡ ಬೆಂಕಿ ತಾಗಿದರೆ ಬಿರುಕು ಬಿಡಬಹುದು. ತೇವ ಆರಿದ ಮೇಲೆ ಕಿಂಡಿಗಳನ್ನು ಅಗಲವಾಗಿ ತೆರೆದು 300 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಬಿಡಿ, ಬೂಸ್ಟು ಸುಟ್ಟು ಬೂದಿಯಾಗುತ್ತದೆ. ತಣಿದ ಮೇಲೆ ಮುಚ್ಚಳದ ಅಂಚಿನ ಫೆಲ್ಟ್ ಪಟ್ಟಿಯನ್ನು ಮುಟ್ಟಿ ನೋಡಿ. ಅದು ಕೊಳೆತು ಎದ್ದು ಬರುತ್ತಿದ್ದರೆ, ಈ ವರ್ಷ ನೀವು ಕೊಳ್ಳಬೇಕಾದ ಪರಿಕರ ಅದೊಂದೇ.