ಉಳಿದ 97 ಮಕ್ಕಳು ಎಲ್ಲಿ ಹೋದರು?

ಪ್ರಿಯರೇ,

ನಮಸ್ಕಾರ. ಬಾಲ್ಯದ ನೋವು, ಉರಿಯೂತ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ, ಇವುಗಳ ನಂಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡು ವಾಕ್ಯ ನನ್ನ ನಿದ್ದೆ ಕೆಡಿಸಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಒಂದು, ನಿಮ್ಮ ಮೊದಲ ಸಾಲು: ‘ಬಾಲ್ಯದ ಆಘಾತವು ಮೆದುಳಿನಲ್ಲಿ ಉರಿಯೂತದ ಬೆಂಕಿ ಹೊತ್ತಿಸಿ ಸ್ಕಿಜೋಫ್ರೇನಿಯಾ ತರುತ್ತದೆಂದು ನ್ಯೂಜಿಲೆಂಡ್ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ.’

‘ಬೆಂಕಿ’ ಯಾಕೆ? ‘ಉರಿ’ ಕಂಡ ಕೂಡಲೇ ನಿಮ್ಮ ಪೆನ್ನು ಆ ಕಡೆ ಓಡಿತು, ಅಷ್ಟೇ. ಮುಳ್ಳು ಚುಚ್ಚಿದ ಕಾಲು ಕೆಂಪಾಗಿ ಊದುತ್ತದಲ್ಲ, ಆ ಉರಿಯೂತ ಎಲ್ಲರಿಗೂ ಗೊತ್ತು. ಇದು ಹಾಗಲ್ಲ. ಊತ ಕಾಣುವುದಿಲ್ಲ, ಜ್ವರ ಇರುವುದಿಲ್ಲ. ಉರಿಯೂತದ ಸುಳಿವು ಕೊಡುವ, ಲಿವರ್ ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ರಕ್ತದಲ್ಲಿ ಕೊಂಚ ಜಾಸ್ತಿ ಇರುತ್ತದೆ. ಬೆಂಕಿ ಅಂದರೆ ಓದುಗರು ಮನೆಮಂದಿಯ ಹಣೆ ಮುಟ್ಟಿ ನೋಡಲು ಶುರು ಮಾಡುತ್ತಾರೆ.

‘ಮೆದುಳಿನಲ್ಲಿ’ ಎಂದಿದ್ದೀರಿ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಆ ಅಧ್ಯಯನ 1972-73ರಲ್ಲಿ ಹುಟ್ಟಿದ 1,037 ಮಕ್ಕಳದ್ದು. ಅವರಿಗೆ 32 ತುಂಬಿದಾಗ ಪ್ರೋಟೀನ್ ನೋಡಿದ್ದು ರಕ್ತದಲ್ಲಿ. ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರಲ್ಲಿ ಅದು ಜಾಸ್ತಿ ಕಂಡಿತು. 2007ರ ಆ ವರದಿ ಹೇಳುವುದು ಇಷ್ಟೇ, ಅದು ಸ್ಕಿಜೋಫ್ರೇನಿಯಾದ ವರದಿಯೇ ಅಲ್ಲ. ಆ ಕಡೆಯ ಸುಳಿವು ಇರುವುದು ಇಂಗ್ಲೆಂಡಿನ ಬ್ರಿಸ್ಟಲ್ ಮಕ್ಕಳ ಅಧ್ಯಯನದಲ್ಲಿ. 9ನೇ ವಯಸ್ಸಿನಲ್ಲಿ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 (ಉರಿಯೂತದ ಇನ್ನೊಂದು ಸುಳಿವು) ಜಾಸ್ತಿ ಇದ್ದವರಲ್ಲಿ, 18ರ ಹೊತ್ತಿಗೆ ಇಲ್ಲದ ದನಿ ಕೇಳಿಸುವಂಥ ಅನುಭವಗಳು ಹೆಚ್ಚಿದ್ದವು. ಅಂಥ ಅನುಭವ ಆದವರಿಗೆಲ್ಲ ಸ್ಕಿಜೋಫ್ರೇನಿಯಾ ಇರುವುದಿಲ್ಲ. ನೀವು ಎರಡು ಊರಿನ ಬಟ್ಟೆ ಸೇರಿಸಿ ಹೊಲಿದು, ಹೊಲಿಗೆ ಕಾಣದ ಹಾಗೆ ಮೇಲೆ ‘ಸಾಬೀತು’ ಅಂತ ತೇಪೆ ಹಾಕಿದ್ದೀರಿ.

ಎರಡನೆಯದು: ‘ತಾಯಿಯ ಪ್ರೀತಿ ಸಿಗದ ಮಗುವಿಗೆ ಈ ರೋಗದ ಅಪಾಯ ಮೂರು ಪಟ್ಟು.’

ಸಂಖ್ಯೆಗೆ ನನ್ನ ತಕರಾರಿಲ್ಲ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಬಂದದ್ದು ಸುಮಾರು 2.8. ಆದರೆ ಅದು ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ಓರಗೆಯ ಮಕ್ಕಳ ಕಾಟ, ಅಪ್ಪ ಅಥವಾ ಅಮ್ಮನ ಸಾವು, ಎಲ್ಲ ಸೇರಿದ ಲೆಕ್ಕ. ಇದರಲ್ಲಿ ತಾಯಿ ಒಬ್ಬಳೇ ಹೇಗೆ ಸಿಕ್ಕಿಬಿದ್ದಳು? ಮತ್ತೆ, ಯಾವುದರ ಮೂರು ಪಟ್ಟು? ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಅಂತಲೇ ಇಟ್ಟುಕೊಳ್ಳಿ. ಮೂರು ಪಟ್ಟಾದರೆ ಮೂವರು. ಅಷ್ಟೇ ನೋವು ಉಂಡ ಉಳಿದ 97 ಮಕ್ಕಳು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ತಾಯಿಯ ಮೇಲೆ ಹೊರಿಸುವುದು ಹಳೇ ಚಾಳಿ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ ‘ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ’ ಎಂಬ ಅರ್ಥದ ಮಾತು ಬಳಸಿದರು. ಎಷ್ಟೋ ಅಮ್ಮಂದಿರು ಆ ಅಪವಾದ ಹೊತ್ತು ಬದುಕಿದರು. ವೈದ್ಯರು ಅದನ್ನು ಯಾವಾಗಲೋ ಕೈಬಿಟ್ಟಿದ್ದಾರೆ.

ಇಷ್ಟು ಸಿಟ್ಟು ಯಾಕೆ ಅಂತೀರಾ? ನಾನೂ ಇದನ್ನೇ ಬರೆದಿದ್ದೆ. ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ಸೇರಿದ ಹೊಸತು. ಆರೋಗ್ಯ ಪುಟಕ್ಕೆ ಇಂಗ್ಲಿಷಿನಿಂದ ಅನುವಾದ ಮಾಡುವಾಗ, ಮೂಲದಲ್ಲಿ ‘ಸಂಬಂಧ ಕಂಡಿದೆ’ ಎಂದಿದ್ದುದನ್ನು ಓಟ ಚೆನ್ನಾಗಿರಲಿ ಅಂತ ಸುಮ್ನೆ ‘ಕಾರಣ’ ಮಾಡಿದೆ. ನಮ್ಮ ಹಿರಿಯರು ಅನುಮಾನ ಬಂದ ಕಡೆ ಕೆಂಪು ಪೆನ್ನಿನಲ್ಲಿ ‘ಯಾರು ಹೇಳಿದ್ದು?’ ಅಂತ ಬರೆಯುತ್ತಿದ್ದರು. ಅವತ್ತು ಅವರು ರಜೆ. ಹತ್ತು ದಿನಕ್ಕೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಹಳ್ಳಿಯ ತಾಯಿ, ಬೇರೆಯವರ ಕೈಲಿ ಬರೆಸಿದ್ದರು. ‘ಸ್ವಾಮಿ, ಅವನಿಗೆ ನಾನು ಹೊಡೆದದ್ದು ಎರಡೇ ಸಲ. ಅದಕ್ಕೇ ಹೀಗಾಯ್ತಾ?’

ಉತ್ತರ ಬರೆಯಲು ನಾಲ್ಕು ಸಲ ಕೂತೆ. ಕಳಿಸಲಿಲ್ಲ. ಪತ್ರ ಈಗಲೂ ನನ್ನ ಡ್ರಾಯರಿನಲ್ಲಿದೆ.

ಆ ಎರಡು ವಾಕ್ಯ ತಿದ್ದಿ ಬರುವ ಶುಕ್ರವಾರದೊಳಗೆ ಕಳಿಸಿ. ಈ ಉರಿಯೂತಕ್ಕೆ ಅರಿಶಿನ ಹಾಲು ಮದ್ದು ಎಂಬ ನಿಮ್ಮ ಪ್ಯಾರಾ ನಾನೇ ಹೊಡೆದು ಹಾಕಿದ್ದೇನೆ. ಉರಿಯೂತ ತಗ್ಗಿಸುವ ಗುಣವಿರುವ ಮಿನೋಸೈಕ್ಲಿನ್ ಮಾತ್ರೆಯನ್ನೇ ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇದ್ದವರಿಗೆ ಒಂದು ವರ್ಷ ಕೊಟ್ಟು ಪರೀಕ್ಷಿಸಿ ನೋಡಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. ಇನ್ನು ಅರಿಶಿನ ಹಾಲು ಬೇಡ ಬಿಡಿ.

ಇಂತಿ,
ಸಂಪಾದಕ