ತಾರೀಖಿಲ್ಲದ ಪಟ್ಟಿ ಪಟ್ಟಿಯಲ್ಲ

ಓದುಗರೊಬ್ಬರ ಪತ್ರ: ‘ಕರ್ನಾಟಕದ ಹದಿನೈದನೇ ವಿಧಾನಸಭೆಯಲ್ಲಿ ಬಿಜೆಪಿಯ ಬಲ 104 ಎಂದು ನಿಮ್ಮ ಒಂದು ಲೇಖನದಲ್ಲಿದೆ, ಇನ್ನೊಂದರಲ್ಲಿ 117, ಮತ್ತೊಂದರಲ್ಲಿ 120. ಯಶವಂತಪುರದ ಎಸ್.ಟಿ. ಸೋಮಶೇಖರ್ ಒಂದು ಕಡೆ ಕಾಂಗ್ರೆಸ್ ಶಾಸಕರು, ಇನ್ನೊಂದು ಕಡೆ ಬಿಜೆಪಿ ಶಾಸಕರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ಯಾವುದನ್ನು ಹೇಳಿಕೊಡಲಿ? ಆ ಅವಧಿಯ ಶಾಸಕರ ಸರಿಯಾದ ಪಟ್ಟಿಯನ್ನು ನಾವೇ ಮಾಡಿಕೊಳ್ಳುವುದು ಹೇಗೆ? ಅದರಲ್ಲಿ ಮಹಿಳೆಯರು ಎಷ್ಟು?’

ಸಂಪಾದಕರ ಉತ್ತರ:

ಮಾನ್ಯರೇ, ಮೂರು ಅಂಕಿಗಳೂ ಸರಿ, ಸೋಮಶೇಖರ್ ಅವರ ಎರಡು ಪಕ್ಷಗಳೂ ಸರಿ. ತಪ್ಪಿದ್ದು ನಮ್ಮದು. ಅದು ಯಾವ ದಿನದ ಲೆಕ್ಕ ಎಂದು ಒಂದು ಲೇಖನದಲ್ಲೂ ಬರೆಯಲಿಲ್ಲ. ಐದು ವರ್ಷದ ಸದನಕ್ಕೆ ಒಂದೇ ಪಟ್ಟಿ ಇರುತ್ತದೆ ಎಂದು ನಂಬಿದರೆ ಈ ಗೊಂದಲ ತಪ್ಪಿದ್ದಲ್ಲ. ಹದಿನೈದನೇ ವಿಧಾನಸಭೆಯಂತೂ ಮೊದಲ ದಿನದಿಂದ ಕೊನೆಯ ದಿನದವರೆಗೂ ಬದಲಾಗುತ್ತಲೇ ಇತ್ತು.

ಮೊದಲ ದಿನದಿಂದಲೇ ನೋಡಿ. 2018ರ ಮೇ 12ರಂದು ಮತದಾನ ನಡೆದದ್ದು 224ಕ್ಕಲ್ಲ, 222 ಕ್ಷೇತ್ರಗಳಿಗೆ. ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ನಿಧನರಾದ್ದರಿಂದ ಜಯನಗರದ ಚುನಾವಣೆ ಮುಂದಕ್ಕೆ ಹೋಯಿತು. ಮತದಾರರ ಗುರುತಿನ ಚೀಟಿಗಳು ಒಂದೇ ಕಡೆ ರಾಶಿಯಾಗಿ ಸಿಕ್ಕಿದ್ದರಿಂದ ರಾಜರಾಜೇಶ್ವರಿನಗರದ್ದೂ ನಿಂತಿತು. ಮೇ 15ರ ಫಲಿತಾಂಶದಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಬಿಎಸ್‌ಪಿ, ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಮತ್ತು ಪಕ್ಷೇತರ ತಲಾ ಒಂದು. ಕೂಡಿಸಿದರೆ 222 ಸ್ಥಾನ, ಆದರೆ ಆಳು 221. ಎಚ್.ಡಿ. ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರು. ಹೀಗೆ ಗೆದ್ದವರು 14 ದಿನದೊಳಗೆ ಒಂದನ್ನು ಬಿಡಬೇಕು. ಅವರು ರಾಮನಗರ ಬಿಟ್ಟರು. ಮುಂದೂಡಿದ ಎರಡೂ ಕ್ಷೇತ್ರ ಕಾಂಗ್ರೆಸ್‌ಗೆ ಬಂದು ಅದರ ಸಂಖ್ಯೆ 80 ಆಗಬೇಕಿತ್ತು. ಅಷ್ಟರಲ್ಲಿ, ಮೇ 28ರಂದು, ಜಮಖಂಡಿಯ ಸಿದ್ದು ನ್ಯಾಮಗೌಡ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಂದರೆ 224 ಶಾಸಕರೂ ಒಟ್ಟಿಗೆ ಇದ್ದ ದಿನ ಆ ಸದನದ ಆರಂಭದಲ್ಲಿ ಒಂದೂ ಇರಲಿಲ್ಲ.

ಆದ್ದರಿಂದ ಪಟ್ಟಿಯನ್ನು ಹೆಸರಿನಿಂದ ಅಥವಾ ಪಕ್ಷದಿಂದ ಶುರು ಮಾಡಬೇಡಿ, ಕ್ಷೇತ್ರದಿಂದ ಮಾಡಿ. ಒಂದು ಕ್ಷೇತ್ರಕ್ಕೆ ಒಂದು ಸಾಲು. ಅದರಲ್ಲಿ ಕ್ಷೇತ್ರದ ಮೀಸಲು (ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ಪಂಗಡಕ್ಕೆ 15), ಗೆದ್ದವರ ಹೆಸರು, ಬಿ ಫಾರಂ ಕೊಟ್ಟ ಪಕ್ಷ, ಫಲಿತಾಂಶದ ದಿನ, ಸ್ಥಾನ ತೆರವಾದ ದಿನ, ತೆರವಿನ ಕಾರಣ ಇಷ್ಟು ಕಲಂ ಸಾಕು. ಉಪಚುನಾವಣೆ ನಡೆದರೆ ಹಳೆಯ ಹೆಸರನ್ನು ಅಳಿಸದೆ ಅದರ ಕೆಳಗೇ ಹೊಸ ಸಾಲು ಸೇರಿಸಿ. ಗೆದ್ದವರು ಅದೇ ವ್ಯಕ್ತಿಯಾದರೂ ಸಾಲು ಹೊಸದೇ. ಯಶವಂತಪುರಕ್ಕೆ ಹೀಗೆ ಸೋಮಶೇಖರ್ ಅವರದೇ ಎರಡು ಸಾಲು ಬರುತ್ತವೆ: ಒಂದು ಕಾಂಗ್ರೆಸ್, ಇನ್ನೊಂದು ಬಿಜೆಪಿ.

ಹೆಚ್ಚಿನವರು ಎಡವುವುದು ಕಾರಣದ ಕಲಂನಲ್ಲಿ. 2019ರ ಜುಲೈನಲ್ಲಿ, ಕುಮಾರಸ್ವಾಮಿಯವರ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಇದ್ದಾಗ, ‘17 ಶಾಸಕರು ರಾಜೀನಾಮೆ ಕೊಟ್ಟು ಹೋದರು’ ಎಂದು ಇಂದಿಗೂ ಬರೆಯುತ್ತಾರೆ. ಸಂವಿಧಾನದ 190ನೇ ವಿಧಿಯ ಪ್ರಕಾರ ಪತ್ರ ಕೊಟ್ಟ ಮಾತ್ರಕ್ಕೆ ಸ್ಥಾನ ತೆರವಾಗದು, ಸ್ಪೀಕರ್ ಅದನ್ನು ಅಂಗೀಕರಿಸಬೇಕು. ಚಿಂಚೋಳಿಯ ಉಮೇಶ ಜಾಧವ ಅವರದು ಅಂಗೀಕಾರವಾಯಿತು, ಅದು ರಾಜೀನಾಮೆಯೇ. ಈ 17 ಜನರ ಸ್ಥಾನ ಹೋದದ್ದು ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ) ಅಡಿ, ಅನರ್ಹತೆಯಿಂದ. ಆಗ ಸ್ಪೀಕರ್ ಆಗಿದ್ದ ಕೆ.ಆರ್. ರಮೇಶ್ ಕುಮಾರ್ ಜುಲೈ 25ರಂದು ರಮೇಶ ಜಾರಕಿಹೊಳಿ, ಮಹೇಶ ಕುಮಠಳ್ಳಿ ಮತ್ತು ಆರ್. ಶಂಕರ್ ಅವರನ್ನು, 28ರಂದು ಉಳಿದ 14 ಮಂದಿಯನ್ನು ಅನರ್ಹಗೊಳಿಸಿದರು. ಈ ವ್ಯತ್ಯಾಸ ಬರೀ ಪದದ್ದಲ್ಲ. ಅನರ್ಹರಾದವರು ಮತ್ತೆ ಗೆದ್ದು ಬರುವವರೆಗೆ ಮಂತ್ರಿಯಾಗುವಂತಿಲ್ಲ. ರಾಜೀನಾಮೆ ಕೊಟ್ಟವರಿಗೆ ಈ ತಡೆ ಇಲ್ಲ. ಸ್ಪೀಕರ್ ಆದೇಶದಲ್ಲಿ ಸದನದ ಅವಧಿ ಮುಗಿಯುವವರೆಗೂ ಸ್ಪರ್ಧಿಸದಂತೆ ತಡೆಯಿತ್ತು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಆ ಅವಧಿಯ ತಡೆಯನ್ನು ಮಾತ್ರ ತೆಗೆದುಹಾಕಿತು. ಅವರು ಡಿಸೆಂಬರ್‌ನಲ್ಲಿ ಕಣಕ್ಕಿಳಿಯಲು ಸಾಧ್ಯವಾದದ್ದು ಹಾಗೆ.

ಪಕ್ಷದ ಕಲಂನಲ್ಲೂ ಎಚ್ಚರ ಬೇಕು. ಕೊಳ್ಳೇಗಾಲದ ಎನ್. ಮಹೇಶ್ ಗೆದ್ದದ್ದು ಬಿಎಸ್‌ಪಿಯಿಂದ. ಪಕ್ಷ ಅವರನ್ನು 2019ರಲ್ಲಿ ಉಚ್ಚಾಟಿಸಿತು, 2021ರಲ್ಲಿ ಅವರು ಬಿಜೆಪಿ ಸೇರಿದರು. ರಾಣೆಬೆನ್ನೂರಿನ ಶಂಕರ್ ಗೆದ್ದದ್ದು ಕೆಪಿಜೆಪಿಯಿಂದ, ಆ ಪಕ್ಷ ಕಾಂಗ್ರೆಸ್‌ನಲ್ಲಿ ವಿಲೀನವಾಯಿತೆಂಬ ಲೆಕ್ಕದಲ್ಲಿ ಅನರ್ಹರಾದದ್ದು ಕಾಂಗ್ರೆಸ್ಸಿಗರಾಗಿ. ಗೆದ್ದ ಪಕ್ಷವನ್ನು ಕಲಂನಲ್ಲಿ ಬರೆದು ಆಮೇಲಿನದ್ದನ್ನು ಷರಾ ಆಗಿ ಪಕ್ಕದಲ್ಲಿ ಹಾಕಿ. ಎರಡನ್ನೂ ಕಲಸಿದರೆ ಮೊತ್ತ ಎಂದಿಗೂ ತಾಳೆಯಾಗದು.

ಈಗ ನಿಮ್ಮ ಮೂರು ಅಂಕಿಗಳು. 104 ಎಂಬುದು 2018ರ ಮೇ 15ರದು. 2019ರ ಮೇಯಲ್ಲಿ ಚಿಂಚೋಳಿಯಲ್ಲಿ ಅವಿನಾಶ್ ಜಾಧವ ಗೆದ್ದಾಗ 105. ಜುಲೈ 23ರ ವಿಶ್ವಾಸಮತದಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಿಂದ ಬಿದ್ದದ್ದು ಈ ಅಂಕಿಯ ಎದುರಿಗೇ. 17 ಸ್ಥಾನ ಖಾಲಿಯಾದ ಮೇಲೆ ಚುನಾಯಿತರು 207, ನಾಮಕರಣಗೊಂಡ ಆಂಗ್ಲೋ ಇಂಡಿಯನ್ ಸದಸ್ಯರೂ ಸೇರಿದರೆ 208. ಬಹುಮತಕ್ಕೆ ಬೇಕಾದದ್ದು 113ರಿಂದ 105ಕ್ಕೆ ಇಳಿಯಿತು. ಸದನದ ಬಲ ಬದಲಾದರೆ ಬಹುಮತದ ಗೆರೆಯೂ ಸರಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಇದರಿಂದಲೇ ತೋರಿಸಿಕೊಡಿ. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು: 117. ಹುಣಸೂರು, ಶಿವಾಜಿನಗರ ಕಾಂಗ್ರೆಸ್‌ಗೆ, ಹೊಸಕೋಟೆ ಪಕ್ಷೇತರರಾಗಿ ನಿಂತ ಶರತ್ ಬಚ್ಚೇಗೌಡರಿಗೆ. ರಾಜರಾಜೇಶ್ವರಿನಗರ, ಮಸ್ಕಿ ಆಗ ಬಾಕಿ ಉಳಿದದ್ದು 2018ರ ಫಲಿತಾಂಶದ ವಿರುದ್ಧದ ತಕರಾರು ಅರ್ಜಿಗಳು ಹೈಕೋರ್ಟಿನಲ್ಲಿದ್ದ ಕಾರಣ. 2020ರ ನವೆಂಬರ್‌ನಲ್ಲಿ ರಾಜರಾಜೇಶ್ವರಿನಗರ ಮತ್ತು ಶಿರಾ ಸೇರಿ 119. 2021ರ ಏಪ್ರಿಲ್ 17ರ ಮತದಾನದಲ್ಲಿ ಬಸವಕಲ್ಯಾಣ ಬಿಜೆಪಿಗೆ, ಮಸ್ಕಿ ಕಾಂಗ್ರೆಸ್‌ಗೆ: 120. ಜೂನ್‌ನಲ್ಲಿ ಹಾನಗಲ್‌ನ ಸಿ.ಎಂ. ಉದಾಸಿ ನಿಧನರಾಗಿ 119. ಅಕ್ಟೋಬರ್ 30ರ ಉಪಚುನಾವಣೆಯಲ್ಲಿ ಸಿಂದಗಿ ಬಂದು, ಹಾನಗಲ್ ಶ್ರೀನಿವಾಸ ಮಾನೆಯವರ ಮೂಲಕ ಕಾಂಗ್ರೆಸ್‌ಗೆ ಹೋಗಿ, ಮತ್ತೆ 120. ಮಹೇಶ್ ಅವರನ್ನು ಇದರಲ್ಲಿ ಸೇರಿಸಿಲ್ಲ.

ಪಟ್ಟಿ ಸರಿಯಾಯಿತೇ ಎಂದು ಪರೀಕ್ಷಿಸಲು ದಾರಿಯಿದೆ. ಯಾವುದಾದರೂ ಒಂದು ದಿನ ಆರಿಸಿಕೊಳ್ಳಿ. ಅಂದು ಸ್ಥಾನದಲ್ಲಿದ್ದವರನ್ನೂ ಖಾಲಿ ಸ್ಥಾನಗಳನ್ನೂ ಕೂಡಿಸಿದರೆ 224 ಬರಬೇಕು. ಇಡೀ ಅವಧಿಯಲ್ಲಿ 25 ಉಪಚುನಾವಣೆ ನಡೆದವು, ಹಾಗಾಗಿ ಒಟ್ಟು ಸಾಲು 249. ಉಪಚುನಾವಣೆಯಲ್ಲಿ ಗೆದ್ದವರಲ್ಲಿ 12 ಮಂದಿ ಅದೇ ಕ್ಷೇತ್ರದ ಹಳೆಯ ಶಾಸಕರೇ, 13 ಮಂದಿ ಹೊಸಬರು. ಆರಂಭದ 223 ಜನರಿಗೆ (ಮೊದಲ 221, ಮುಂದೂಡಿದ ಕ್ಷೇತ್ರಗಳ 2) ಈ ಹೊಸಬರನ್ನು ಸೇರಿಸಿದರೆ ಆ ಸದನಕ್ಕೆ ಆಯ್ಕೆಯಾದ ವ್ಯಕ್ತಿಗಳು 236. ‘ಎಷ್ಟು ಶಾಸಕರು?’ ಎಂಬ ಪ್ರಶ್ನೆಗೆ 224, 236, 249 ಮೂರೂ ಉತ್ತರವಾಗಬಹುದು. ಸ್ಥಾನವನ್ನೋ ವ್ಯಕ್ತಿಯನ್ನೋ ಗೆಲುವನ್ನೋ ಕೇಳಿದ್ದು ಎಂದು ಮೊದಲು ನೋಡಿ.

ಕೊನೆಯ ವರ್ಷದ ಎರಡು ಸಾಲುಗಳ ಕೆಳಗೆ ಹೊಸ ಹೆಸರು ಹುಡುಕಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಹುಕ್ಕೇರಿಯ ಉಮೇಶ ಕತ್ತಿ, ಅಕ್ಟೋಬರ್‌ನಲ್ಲಿ ಸವದತ್ತಿಯ ಆನಂದ ಮಾಮನಿ ತೀರಿಕೊಂಡರು. ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂಬ ನಿಯಮ, ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಅನ್ವಯಿಸದು.

ಇನ್ನು ಮಹಿಳೆಯರು. 2018ರ ಮೇ 15ರಂದು ಗೆದ್ದವರು 7. ಜೂನ್‌ನಲ್ಲಿ ಜಯನಗರದಿಂದ ಸೌಮ್ಯಾ ರೆಡ್ಡಿ, ನವೆಂಬರ್‌ನಲ್ಲಿ ರಾಮನಗರದಿಂದ ಅನಿತಾ ಕುಮಾರಸ್ವಾಮಿ, 2019ರ ಮೇಯಲ್ಲಿ ಪತಿಯ ನಿಧನದಿಂದ ತೆರವಾಗಿದ್ದ ಕುಂದಗೋಳದಿಂದ ಕುಸುಮಾವತಿ ಶಿವಳ್ಳಿ ಸೇರಿ 10 ಆಯಿತು. ಆ ಬಳಿಕ ನಡೆದ 21 ಉಪಚುನಾವಣೆಗಳಲ್ಲಿ ಗೆದ್ದ ಮಹಿಳೆ ಒಬ್ಬರೂ ಇಲ್ಲ.